ಬೈಂಡ್ 9: ಎಂಎಕ್ಸ್ ಒಮ್ಮೆ ಸಿಗುತ್ತೆ ಒಮ್ಮೆ ಇಲ್ಲ, ಕರೆಂಟ್ ಹೋದ್ರೆ ಸೆಕೆಂಡರಿಯೂ ಸುಮ್ಮನಾಗುತ್ತೆ

ತೀರ್ಥಹಳ್ಳಿ_ಲಿನಕ್ಸ್
ನಮ್ಮ ಡೊಮೈನಿನ ಪ್ರೈಮರಿ (ಮೂಲ) ಡಿಎನ್‌ಎಸ್ ಸರ್ವರ್ ತೀರ್ಥಹಳ್ಳಿಯಲ್ಲಿ, ಸ್ಟ್ಯಾಟಿಕ್ ಐಪಿ ಇರೋ ಫೈಬರ್ ಮೇಲೆ, ಡೆಬಿಯನ್ ಲಿನಕ್ಸ್‌ನಲ್ಲಿ ಬೈಂಡ್ 9 (ಡಿಎನ್‌ಎಸ್, ಅಂದ್ರೆ ಡೊಮೈನ್ ಹೆಸರಿನ ವಿಚಾರಣೆಗೆ ಉತ್ತರ ಕೊಡೋ ತಂತ್ರಾಂಶ). ಅದರ ನಕಲು ಇಟ್ಟುಕೊಳ್ಳೋ ಸೆಕೆಂಡರಿ ಬೆಂಗಳೂರಿನ ಒಂದು ವಿಪಿಎಸ್ (ಬಾಡಿಗೆ ಸರ್ವರ್). ಹೊಸ ಎಂಎಕ್ಸ್ (ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನೋ ರೆಕಾರ್ಡ್) ಹೊರಗಿನಿಂದ ಕೇಳಿದ್ರೆ ಒಮ್ಮೆ ಇದೆ, ಒಮ್ಮೆ ಇಲ್ಲ. ಇದ್ದಾಗಲೂ ಮೇಲ್ ಬರಲ್ಲ. ಸೀರಿಯಲ್ (ರೆಕಾರ್ಡ್ ಫೈಲಿನ ಆವೃತ್ತಿ ಸಂಖ್ಯೆ) ಎರಡೂ ಕಡೆ ಒಂದೇ ತೋರಿಸುತ್ತೆ. ಇನ್ನೊಂದು: ಮಳೆಗೆ ಕರೆಂಟ್ ಹೋಗಿ ಎರಡು ಮೂರು ಗಂಟೆ ಆದ್ರೆ, ವಿಪಿಎಸ್ ಚಾಲೂ ಇದ್ದರೂ ಸರ್ವ್‌ಫೇಲ್ (ಉತ್ತರ ಕೊಡೋಕೆ ಆಗ್ತಿಲ್ಲ ಅನ್ನೋ ದೋಷ) ಕೊಡುತ್ತೆ. ಝೋನ್ ಫೈಲ್ (ಡೊಮೈನಿನ ರೆಕಾರ್ಡ್‌ಗಳ ಪಟ್ಟಿ) ಹೀಗಿದೆ, ಎಸ್‌ಓಎ ಅನ್ನೋದು ಝೋನಿನ ಮುಖ್ಯ ರೆಕಾರ್ಡ್, ಅದರ ಮೊದಲ ಸಂಖ್ಯೆ ಸೀರಿಯಲ್:

@ ಐಎನ್ ಎಸ್‌ಓಎ ಎನ್‌ಎಸ್1 ಅಡ್ಮಿನ್ (
2024061003
3600
900
7200
86400 )
@ ಐಎನ್ ಎಂಎಕ್ಸ್ 10 ಮೇಲ್.ಎಕ್ಸಾಂಪಲ್.ಕಾಮ್

ಸಾಗರ_ರೂಟ್
ಎಂಎಕ್ಸ್ ಸಾಲಿನ ಕೊನೆಗೆ ಚುಕ್ಕಿ ಇಲ್ಲ ಮಾರಾಯ್ರೆ. ಚುಕ್ಕಿ ಇಲ್ಲದ ಹೆಸರಿಗೆ ಬೈಂಡ್ ಡೊಮೈನನ್ನ ತಾನೇ ಅಂಟಿಸುತ್ತೆ. ಈಗ ನಿಮ್ಮ ಎಂಎಕ್ಸ್ ಹೋಗ್ತಿರೋದು

ಮೇಲ್.ಎಕ್ಸಾಂಪಲ್.ಕಾಮ್.ಎಕ್ಸಾಂಪಲ್.ಕಾಮ್.

ಅನ್ನೋ ಇಲ್ಲದ ಹೆಸರಿಗೆ. ಬರೀ "ಮೇಲ್" ಅಂತ ಬರೆಯಿರಿ, ಇಲ್ಲವೇ ಪೂರ್ತಿ ಹೆಸರು ಬರೆದು ಚುಕ್ಕಿ ಇಡಿ. ಆ ಹೆಸರಿಗೆ ಎ ರೆಕಾರ್ಡ್ (ಹೆಸರಿಗೆ ಐಪಿ ಹೇಳೋದು) ಇರಬೇಕು, ಸಿನೇಮ್ (ಇನ್ನೊಂದು ಹೆಸರಿಗೆ ಕಳಿಸೋದು) ಆಗಲ್ಲ.

ಸೀರಿಯಲ್ ಒಂದೇ ಇರೋದೇ ಇಲ್ಲಿ ಮೋಸ. ಫೈಲ್ ತಿದ್ದಿ ಸೀರಿಯಲ್ ಏರಿಸದೇ ಇದ್ರೆ ಸಂಖ್ಯೆ ಎರಡೂ ಕಡೆ ಸರಿಹೊಂದುತ್ತೆ, ಒಳಗಿನ ರೆಕಾರ್ಡ್ ಮಾತ್ರ ಬೇರೆ ಬೇರೆ. ಹೊಸದೇನೂ ಇಲ್ಲ ಅಂತ ಸೆಕೆಂಡರಿ ಹೊಸ ನಕಲು ಕೇಳೋದೇ ಇಲ್ಲ. 2024061004 ಮಾಡಿ, ನೇಮ್ಡ್-ಚೆಕ್‌ಝೋನ್ ಓಡಿಸಿ ಫೈಲಲ್ಲಿ ತಪ್ಪಿದೆಯಾ ನೋಡಿ, ಆಮೇಲೆ ಬೈಂಡ್ ಅದನ್ನ ಮತ್ತೆ ಓದೋಕೆ ಆರ್‌ಎನ್‌ಡಿಸಿ ರೀಲೋಡ್.

ಕೊಪ್ಪ_ಪ್ಯಾಕೆಟ್
ಸರ್ವ್‌ಫೇಲ್‌ಗೆ ಕಾರಣ ಆ 7200. ಅದು ಎಕ್ಸ್‌ಪೈರ್: ಪ್ರೈಮರಿ ಅಷ್ಟು ಸೆಕೆಂಡ್ ಸಿಗದೇ ಹೋದ್ರೆ ಸೆಕೆಂಡರಿ ಝೋನನ್ನೇ ಕೈಬಿಡುತ್ತೆ. ಎರಡು ಗಂಟೆ ಲೆಕ್ಕ ಸರಿಯಾಗಿ ಕೂತಿದೆ ನೋಡಿ. ವಿಪಿಎಸ್ ಲಾಗ್‌ನಲ್ಲಿ "ಎಕ್ಸ್‌ಪೈರ್ಡ್" ಅಂತ ಇರುತ್ತೆ. ಆರ್‌ಎಫ್‌ಸಿ 1912 (ಡಿಎನ್‌ಎಸ್ ತಪ್ಪುಗಳ ಬಗ್ಗೆ ಇರೋ ಇಂಟರ್ನೆಟ್ ತಾಂತ್ರಿಕ ದಾಖಲೆ) ಹೇಳೋದು 2ರಿಂದ 4 ವಾರ, 2419200 (4 ವಾರ) ಹಾಕಿ. ದೊಡ್ಡ ಯುಪಿಎಸ್ ತಗೊಳ್ಳಿ ಅನ್ನೋರಿದ್ದಾರೆ, ಆದ್ರೆ ನಮ್ಮ ಕಡೆ ಮರ ಬಿದ್ರೆ ಲೈನಿನ ಜೊತೆ ಫೈಬರೂ ಹರಿಯುತ್ತೆ.

ಕೊನೆಯ 86400ನ್ನೂ 3600ಕ್ಕೆ ಇಳಿಸಿ. "ಈ ರೆಕಾರ್ಡ್ ಇಲ್ಲ" ಅನ್ನೋ ಉತ್ತರವನ್ನ ಹೊರಗಿನ ರಿಸಾಲ್ವರ್‌ಗಳು (ಬಳಕೆದಾರರ ಪರವಾಗಿ ಡಿಎನ್‌ಎಸ್ ಕೇಳೋ ಸರ್ವರ್‌ಗಳು) ಎಷ್ಟು ಹೊತ್ತು ನೆನಪಿಡಬಹುದು ಅನ್ನೋದು ಅದರಿಂದ ತೀರ್ಮಾನ ಆಗುತ್ತೆ. ಒಂದು ದಿನ ಅತಿಯಾಯ್ತು.

ತೀರ್ಥಹಳ್ಳಿ_ಲಿನಕ್ಸ್
ಎಲ್ಲಾ ತಿದ್ದಿದೆ. ಪ್ರೈಮರಿ ಈಗ ಸರಿಯಾದ ಎಂಎಕ್ಸ್ ಕೊಡ್ತಿದೆ. ವಿಪಿಎಸ್ ಲಾಗ್‌ನಲ್ಲಿ ನೋಟಿಫೈ (ಝೋನ್ ಬದಲಾಗಿದೆ ಅನ್ನೋ ಸೂಚನೆ) ಬಂದಿದೆ, ಆದ್ರೆ ಝೋನ್ ಟ್ರಾನ್ಸ್‌ಫರ್ "ಟೈಮ್ಡ್ ಔಟ್". ಹೋದ ವಾರ ರೌಟರ್ ಬದಲಾಗಿದೆ.

ಸಾಗರ_ರೂಟ್
ಹಾಗಾದ್ರೆ ರೌಟರ್‌ನಲ್ಲಿ ಡಿಎನ್‌ಎಸ್‌ನ 53ನೇ ಪೋರ್ಟ್ ಯುಡಿಪಿಗೆ ಮಾತ್ರ ಫಾರ್ವರ್ಡ್ ಆಗಿರಬೇಕು, ಟಿಸಿಪಿಗೆ ಆಗಿಲ್ಲ (ಎರಡೂ ಡೇಟಾ ಸಾಗಿಸೋ ವಿಧಾನಗಳು). ಸೀರಿಯಲ್ ವಿಚಾರಣೆ ಯುಡಿಪಿಯಲ್ಲೇ ಮುಗಿಯುತ್ತೆ, ಝೋನ್ ಸಾಗಣೆಗೆ ಟಿಸಿಪಿ ಬೇಕು. ವಿಪಿಎಸ್‌ನಿಂದ ಡಿಗ್ (ಡಿಎನ್‌ಎಸ್ ಕೇಳಿ ನೋಡೋ ಕಮಾಂಡ್) ಹೀಗೆ ಓಡಿಸಿ:

ಡಿಗ್ +ಟಿಸಿಪಿ @203.0.113.10 ಎಕ್ಸಾಂಪಲ್.ಕಾಮ್ ಎಸ್‌ಓಎ

ಐಪಿ ಜಾಗದಲ್ಲಿ ನಿಮ್ಮ ಪ್ರೈಮರಿಯದು ಹಾಕಿ. ಇದೂ ನೇತಾಡಿದ್ರೆ ರೌಟರ್ ಅಥವಾ ಫೈರ್‌ವಾಲ್. ಇದಕ್ಕೆ ಉತ್ತರ ಬಂದು, ಟ್ರಾನ್ಸ್‌ಫರ್ "ರೆಫ್ಯೂಸ್ಡ್" ಅಂದ್ರೆ ಪ್ರೈಮರಿಯ ಅಲೌ-ಟ್ರಾನ್ಸ್‌ಫರ್ ಪಟ್ಟಿಯಲ್ಲಿ (ಝೋನ್ ಯಾರು ಎಳ್ಕೊಳ್ಳಬಹುದು ಅನ್ನೋದು) ವಿಪಿಎಸ್ ಐಪಿ ಬಿಟ್ಟುಹೋಗಿದೆ. ಪೋರ್ಟ್ ತೆರೆದ ಮೇಲೆ ಕಾಯಬೇಡಿ, ವಿಪಿಎಸ್‌ನಲ್ಲಿ ಆರ್‌ಎನ್‌ಡಿಸಿ ರೀಟ್ರಾನ್ಸ್‌ಫರ್ ಎಕ್ಸಾಂಪಲ್.ಕಾಮ್ ಕೊಡಿ, ಅದು ಸೀರಿಯಲ್ ನೋಡದೇ ಪೂರ್ತಿ ಝೋನ್ ಎಳ್ಕೊಳ್ಳುತ್ತೆ.