ನಮ್ಮ ಮನೆ ಗುಂಪಿನಲ್ಲಿ ರಸ್ತೆಯ ಮಾತು

ಮದೆನಾಡು ಚಿಕ್ಕಪ್ಪ: ಇದನ್ನು ಎಲ್ಲರೂ ಓದಿ. ಬ್ರಿಟನ್ನಿನ ವೇಲ್ಸ್ ಸರ್ಕಾರದ ಸುದ್ದಿ. ಹಳೆಯದು, ಆದರೆ ನಮಗೆ ಬೇಕಾದದ್ದು. 2021ರಲ್ಲಿ ಹೊಸ ರಸ್ತೆ ಯೋಜನೆಗಳನ್ನು ತಡೆದು, ನಿಜಕ್ಕೂ ಬೇಕಾ ಅಂತ ನೋಡಲು ಸಮಿತಿ ಮಾಡಿದರು. 2023ರ ಫೆಬ್ರವರಿಯಲ್ಲಿ ತೀರ್ಮಾನ ಬಂತು. 59ರಲ್ಲಿ 15ಕ್ಕೆ ಮಾತ್ರ ಒಪ್ಪಿಗೆ. ಅದೂ ನಮ್ಮ ಹಾಗೆ ಬೆಟ್ಟಗುಡ್ಡದ ನಾಡು.

ಕುಶಾಲನಗರ ಭಾವ: ಮಾವ, ಅವರಿಗೆ ರೈಲು ಇದೆ. ನಮ್ಮ ಕೊಡಗು ಜಿಲ್ಲೆಯಲ್ಲಿ ಒಂದು ಅಡಿ ಹಳಿ ಇಲ್ಲ. ಯಾರಿಗಾದರೂ ಜೋರು ಹುಷಾರಿಲ್ಲ ಅಂದರೆ ಮೈಸೂರಿಗೋ ಮಂಗಳೂರಿಗೋ ಓಡಬೇಕು. ಮೈಸೂರು–ಕುಶಾಲನಗರ ನಾಲ್ಕು ಪಥಕ್ಕೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಗಿದೆ. 92 ಕಿ.ಮೀ., ಸುಮಾರು 4,130 ಕೋಟಿ ರೂಪಾಯಿ. ಅದು ಮುಗಿಯಲಿ ಅಂತ ನಾವು ಕಾಯುತ್ತಿದ್ದೇವೆ. ಈಗ ರಸ್ತೆ ಬೇಡ ಅನ್ನಬೇಡಿ.

ಮಡಿಕೇರಿ ಅತ್ತೆ: ರಸ್ತೆ ಆಗಲಿ. ಆದರೆ ಬಂದ ಕಾರುಗಳೆಲ್ಲ ಎಲ್ಲಿ ನಿಲ್ಲುತ್ತವೆ? ಶನಿವಾರ ನಾನು ಔಷಧಿ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನ ಆಯಿತು.

ನಾನು: ಭಾವ, ಅತ್ತೆ ಕೇಳಿದ್ದೇ ನನ್ನ ಪ್ರಶ್ನೆ. ನಾಲ್ಕು ಪಥ ಕುಶಾಲನಗರಕ್ಕೆ ಮುಗಿಯುತ್ತದೆ. ಅಲ್ಲಿಂದ ಮೇಲೆ ಸುಂಟಿಕೊಪ್ಪದ ದಾರಿಯಲ್ಲಿ ಮಡಿಕೇರಿಗೆ ಮೂವತ್ತು ಕಿ.ಮೀ. ಘಾಟಿ. ಬೇಗ ಬಂದವರೆಲ್ಲ ಅಲ್ಲಿ ಬೇಗ ಸಾಲುಗಟ್ಟುತ್ತಾರೆ, ಅಷ್ಟೇ. ಆಮೇಲೆ ಘಾಟಿಯನ್ನೂ ಅಗಲ ಮಾಡಿ ಅನ್ನುವ ಮಾತು ಬಂದೇ ಬರುತ್ತದೆ. ನನಗೆ ಭಯ ಇರುವುದು ಅದಕ್ಕೆ.

2018ರ ಆಗಸ್ಟ್ ನೆನಪಿದೆ ಅಲ್ವಾ? ಮದೆನಾಡು, ಜೋಡುಪಾಲ, ಮೊಣ್ಣಂಗೇರಿಯಲ್ಲಿ ಗುಡ್ಡ ಕುಸಿಯಿತು. ಮಂಗಳೂರಿನ ಹೆದ್ದಾರಿಯೇ ಹೋಯಿತು. ಆಮೇಲೆ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿ, ಮಳೆಯ ಜೊತೆಗೆ ರಸ್ತೆಗೆ, ಕಟ್ಟಡಕ್ಕೆ ಅಂತ ಇಳಿಜಾರು ಕಡಿದದ್ದನ್ನೂ ಕಾರಣ ಅಂದರು. ಗುಡ್ಡದ ಕಾಲು ಕಡಿದರೆ ಮೇಲಿನ ಭಾರಕ್ಕೆ ಆಸರೆ ಎಲ್ಲಿ? 2022ರಲ್ಲಿ ಕರ್ತೋಜಿ ಹತ್ತಿರ ಮತ್ತೆ ಅದೇ ಕಥೆ. ಭಾವ, ಆಸ್ಪತ್ರೆಗೆ ಓಡುವ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ರಸ್ತೆ ಅಗಲ ಇದ್ದು ಅರ್ಧಕ್ಕೆ ಬರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಕುಸಿದು ಬಿದ್ದಿದ್ದರೆ ಆಂಬ್ಯುಲೆನ್ಸ್ ಹೇಗೆ ಹೋಗುತ್ತದೆ?

ಮದೆನಾಡು ಚಿಕ್ಕಪ್ಪ: ನಮ್ಮ ಮನೆಯ ಹಿಂದೆ ಈಗಲೂ ನೀಲಿ ಟಾರ್ಪಾಲು ಹೊದಿಸಿದ್ದೇನೆ. ಅಂಚಿಗೆ ಮರಳು ಚೀಲ. ಮಳೆಗಾಲದಲ್ಲಿ ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಾಕಿ ನೋಡುತ್ತೇನೆ. ಬರೆಯ ಬುಡದಿಂದ ಬರುವ ನೀರು ತಿಳಿಯಾಗಿದ್ದರೆ ಮಲಗುತ್ತೇನೆ. ಕೆಂಪಾದರೆ ಎಲ್ಲರನ್ನೂ ಎಬ್ಬಿಸುತ್ತೇನೆ.

ಕುಶಾಲನಗರ ಭಾವ: ಮಾವ, ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಆ ವೇಲ್ಸ್‌ನ ಸುದ್ದಿ ಪೂರ್ತಿ ನೋಡಿ. ಮೆನಾಯ್ ತೂಗು ಸೇತುವೆಯನ್ನು 2022ರ ಅಕ್ಟೋಬರ್‌ನಲ್ಲಿ ಅಪಾಯ ಅಂತ ಮುಚ್ಚಿದರು. ಮೂರು ತಿಂಗಳಿಗೂ ಜಾಸ್ತಿ ಆಂಗಲ್‌ಸೀ ದ್ವೀಪದ ವಾಹನಗಳೆಲ್ಲ ಉಳಿದ ಒಂದೇ ಸೇತುವೆಯಲ್ಲಿ ಹೋದವು. ಮುಚ್ಚಿದ್ದ ಸೇತುವೆ ಮತ್ತೆ ತೆರೆದ ತಿಂಗಳಲ್ಲೇ ಮೂರನೇ ಸೇತುವೆಯ ಯೋಜನೆ ಕೈಬಿಟ್ಟರು. ಆ ಜನ ಏನು ಮಾಡಬೇಕು?

ನಾನು: ಈ ಮಾತು ಒಪ್ಪುತ್ತೇನೆ ಭಾವ. ಇರುವ ಒಂದು ದಾರಿ ಕೆಟ್ಟಾಗ ಇನ್ನೊಂದು ಬೇಕೇ ಬೇಕು. 2018ರಲ್ಲಿ ನಾವು ಭಾಗಮಂಡಲ, ಕರಿಕೆ ಮೇಲೆ ಸುತ್ತಿ ಸುಳ್ಯಕ್ಕೆ ಹೋದೆವಲ್ಲ. ಹಾಗಾದರೆ ಕರಿಕೆ ರಸ್ತೆಯ ಮೋರಿ, ಚರಂಡಿ, ತಡೆಗೋಡೆ ಗಟ್ಟಿ ಮಾಡಲಿ. ಹೊಸದಾಗಿ ಗುಡ್ಡ ಕಡಿಯುವುದು ಬೇಡ.

ಇನ್ನು ಬಸ್ಸು. ನಮ್ಮ ಊರಿನ ಸಂಜೆ ಆರೂವರೆ ಬಸ್ಸು ಕೊರೋನಾ ಕಾಲಕ್ಕೆ ನಿಂತಿತು, ಮತ್ತೆ ಬರಲೇ ಇಲ್ಲ. ನಾನು ಕೆಲಸ ಮುಗಿಸಿ ಬಂದರೆ ಅಂಗಡಿಯ ಶೀಟಿನ ಕೆಳಗೆ ಏಳೆಂಟು ಹೆಂಗಸರು ನಿಂತಿರುತ್ತಾರೆ. ಕೆಲವರು ತೋಟದ ಕೆಲಸದವರು, ಇಬ್ಬರು ಕಾಲೇಜು ಹುಡುಗಿಯರು. ಎಲ್ಲರ ಕಣ್ಣೂ ತಿರುವಿನ ಮೇಲೆ. ಬೆಳಕು ಬಂದರೆ ಯಾರಾದರೂ ಕೈ ಅಡ್ಡ ಹಿಡಿಯುತ್ತಾರೆ. ಪಿಕಪ್ ನಿಂತರೆ ಹಿಂದೆ ಹತ್ತಿ, ಒದ್ದೆ ಕಂಬಿ ಹಿಡಿದು ನಿಂತೇ ಹೋಗುತ್ತೇವೆ. ಇಲ್ಲದಿದ್ದರೆ ಆಟೋ. ತೋಟದ ಒಂದು ದಿನದ ಕೂಲಿಯಲ್ಲಿ ಅದಕ್ಕೆ ಎಷ್ಟು ಕೊಡಲು ಆಗುತ್ತದೆ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಒಳ್ಳೆಯದೇ. ಆದರೆ ನಮ್ಮ ಒಳಊರುಗಳಿಗೆ ಬರುವುದು ಜಾಸ್ತಿ ಖಾಸಗಿ ಬಸ್ಸು. ಅಲ್ಲಿ ಶಕ್ತಿ ನಡೆಯುವುದಿಲ್ಲ. ಕಾರು ಇಲ್ಲದವರಿಗೆ ನಾಲ್ಕು ಪಥ ಏನು ಕೊಡುತ್ತದೆ ಹೇಳಿ.

ಮಡಿಕೇರಿ ಅತ್ತೆ: ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದಾಗ ನಮ್ಮ ಕಾರನ್ನು ಕೆಳಗೇ ನಿಲ್ಲಿಸಿದರು. ಮೇಲೆ ಸರ್ಕಾರಿ ಬಸ್ಸು. ಯಾರೂ ಜಗಳ ಮಾಡಲಿಲ್ಲ. ಮಂಜು ನೋಡಿಕೊಂಡು ಆರಾಮವಾಗಿ ಹೋದೆವು.

ನಾನು: ಅದನ್ನೇ ನಾನೂ ಹೇಳುವುದು ಅತ್ತೆ. ಶನಿವಾರ, ಭಾನುವಾರ ಪ್ರವಾಸಿಗರ ಕಾರು ಕುಶಾಲನಗರದಲ್ಲೇ ನಿಲ್ಲಲಿ. ಅಲ್ಲಿಂದ ಹದಿನೈದು ನಿಮಿಷಕ್ಕೊಂದು ಬಸ್ಸು ಬಿಡಲಿ. ಭಾವ, ಆಗ ನಿಮ್ಮ ಪೇಟೆಯಲ್ಲೂ ನಾಲ್ಕು ಜನ ಕೂತು ಊಟ ಮಾಡುತ್ತಾರೆ. ಈಗ ಎಲ್ಲರೂ ಗಾಜು ಏರಿಸಿಕೊಂಡು ದಾಟಿ ಹೋಗುತ್ತಾರೆ.

ಕುಶಾಲನಗರ ಭಾವ: ನಮ್ಮ ಹೋಮ್‌ಸ್ಟೇಗೆ ಬರುವವರು ಚಿಕ್ಕ ಮಕ್ಕಳು, ಮೂರು ಬ್ಯಾಗು, ವಯಸ್ಸಾದ ಅಪ್ಪ ಅಮ್ಮನ ಜೊತೆ ಬರುತ್ತಾರೆ. ಬಸ್ಸು ಹತ್ತಿ ಅಂದರೆ ಬೇರೆ ಊರಿಗೆ ಹೋಗುತ್ತಾರೆ. ನಾಲ್ಕು ಪಥದ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಘಾಟಿ ಕಡಿಯಬಾರದು ಅನ್ನುವುದಕ್ಕೆ ಒಪ್ಪಿಗೆ ಇದೆ. ಆರೂವರೆ ಬಸ್ಸಿಗೆ ಅರ್ಜಿ ಬರೆದರೆ ನನ್ನ ಸಹಿಯೂ ಇರಲಿ.

ನಾನು: ಬರೆದಾಗಿದೆ ಭಾವ. ಶೀಟಿನ ಕೆಳಗೆ ನಿಂತವರೆಲ್ಲ ನಿನ್ನೆಯೇ ಸಹಿ ಹಾಕಿದರು. ಒಬ್ಬರು ಹೆಬ್ಬೆಟ್ಟು ಒತ್ತಿದರು. ಭಾನುವಾರ ಕಾಗದ ತರುತ್ತೇನೆ, ಅಕ್ಕನೂ ಹಾಕಲಿ.

ಮಡಿಕೇರಿ ಅತ್ತೆ: ತಮ್ಮಾ, ಇಲ್ಲಿ ಮಳೆ ಜೋರಾಯಿತು. ಅಲ್ಲಿ ನೀರು ಹೇಗಿದೆ?

ಮದೆನಾಡು ಚಿಕ್ಕಪ್ಪ: ಈಗಷ್ಟೇ ನೋಡಿ ಬಂದೆ ಅಕ್ಕ. ತಿಳಿಯಾಗಿದೆ.