ಕ್ಲಿಪ್-ಆನ್ ಹಾಕಿಸಿದ ಮೇಲೆ ಬಲಕ್ಕೆ ತಿರುಗಿಸಿದ್ರೆ ರೇಸ್ ಆಗುತ್ತೆ, ಎಡಕ್ಕೆ ತಿರುಗಿಸಿದ್ರೆ ಗಾಡಿ ಆಫ್!

ಹನುಮಂತನಗರ_650:
ಎಲ್ಲರಿಗೂ ನಮಸ್ಕಾರ. ನನ್ನದು 2021ರ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬೈಕ್. ಕೆಫೆ ರೇಸರ್ ಲುಕ್ (ಹಳೇ ಕಾಲದ ರೇಸ್ ಬೈಕ್ ಥರ) ಬೇಕು ಅಂತ ದೊಡ್ಡ ಹ್ಯಾಂಡಲ್ ತೆಗೆಸಿ ಕ್ಲಿಪ್-ಆನ್ (ಮುಂದಿನ ಫೋರ್ಕ್‌ಗೆ ಕಚ್ಚಿಸೋ ಎರಡು ತುಂಡಿನ ತಗ್ಗು ಹ್ಯಾಂಡಲ್), ಸಿಂಗಲ್ ಸೀಟು ಹಾಕಿಸಿದೆ. ವೈರ್ ಹೊರಗೆ ಕಾಣಬಾರದು ಅಂತ ಹ್ಯಾಂಡಲ್ ಪೈಪ್ ಒಳಗೇ ಎಳೆಸಿದೆ. ನೋಡೋಕೆ ಸಖತ್ತಾಗಿದೆ, ಓಡಿಸೋಕೆ ಭಯ. ಡೈರಿ ಸರ್ಕಲ್ ಹತ್ರ ಯೂ-ಟರ್ನ್ ತಗೊಳ್ವಾಗ ಹ್ಯಾಂಡಲ್ ಪೂರ್ತಿ ಬಲಕ್ಕೆ ಬಂತು, ತಾನಾಗೇ ರೇಸ್ ಆಯ್ತು. ಮುಂದಿದ್ದ ಆಟೋಗೆ ಗುದ್ದೋದು ಸ್ವಲ್ಪದರಲ್ಲಿ ತಪ್ಪಿತು. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಪೂರ್ತಿ ಎಡಕ್ಕೆ ತಿರುಗಿಸಿದ್ರೆ ಇಂಜಿನ್ ಆಫ್. ಮೀಟರ್ ಲೈಟ್ ಮಾತ್ರ ಉರೀತಾನೇ ಇರುತ್ತೆ. ಗ್ಯಾರೇಜಿನವರು ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಹೋಗಿದೆ ಅಂತಿದಾರೆ. ನಿಜಾನಾ?

ಗ್ರೀಸ್_ಕೈ:
ಇಸಿಯು ಮುಟ್ಟಬೇಡಿ ಸರ್. ಅದಕ್ಕೆ ಎಡ ಬಲ ಗೊತ್ತಾಗಲ್ಲ. ಹ್ಯಾಂಡಲ್ ತಿರುಗಿಸಿದಾಗಲೇ ತೊಂದರೆ ಅಂದ್ರೆ ಏನೋ ಎಳೀತಿದೆ. ನಿಮ್ಮಲ್ಲಿ ಎರಡು ಎಳೀತಿವೆ.

ಮೊದಲು ಆಕ್ಸಿಲರೇಟರ್ ಕೇಬಲ್, ಅದೇ ಅಪಾಯದ್ದು. ಎತ್ತರದ ಹ್ಯಾಂಡಲ್ ಲೆಕ್ಕಕ್ಕೆ ಕೊಟ್ಟಿರೋ ಕೇಬಲ್ ಕ್ಲಿಪ್-ಆನ್‌ಗೆ ಉದ್ದ ಜಾಸ್ತಿ. ಮಿಕ್ಕಿದ್ದನ್ನ ಎಲ್ಲೋ ತುರುಕಿರ್ತಾರೆ, ತಿರುಗಿಸಿದಾಗ ಬಿಗಿದು ಥ್ರಾಟಲ್ ತೆರೆಯುತ್ತೆ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಹ್ಯಾಂಡಲ್ ಆ ತುದಿಯಿಂದ ಈ ತುದಿಗೆ ನಿಧಾನ ತಿರುಗಿಸಿ. ಎಲ್ಲಿ ಸದ್ದು ಏರುತ್ತೋ ಅಲ್ಲೇ ನಿಲ್ಲಿಸಿ ಟಾರ್ಚ್ ಬಿಡಿ. ಆಮೇಲೆ ಟ್ಯಾಂಕ್ ಎತ್ತಿ ಕೇಬಲ್ ಸಡಿಲವಾಗಿ ಹೊಸದಾಗಿ ಎಳೆಸಿ. ಗ್ರಿಪ್ ಹತ್ರ 2-3 ಮಿ.ಮೀ. ಆಟ ಇರಲೇಬೇಕು. ಆಗಲೂ ಕೂರದಿದ್ರೆ ಕಾಂಟಿನೆಂಟಲ್ ಜಿಟಿ 650ರ ಕೇಬಲ್ ಇಟ್ಟು ಉದ್ದ ಹೋಲಿಸಿ. ಅದೇ 648 ಸಿಸಿ ಇಂಜಿನ್, ಕ್ಲಿಪ್-ಆನ್ ಕಂಪನಿಯಿಂದಲೇ ಬರುತ್ತೆ.

ಎಡಕ್ಕೆ ಆಫ್ ಆಗೋದು ಕಿಲ್ ಸ್ವಿಚ್ (ಬಲಗಡೆ ಹ್ಯಾಂಡಲ್‌ನಲ್ಲಿ ಇಂಜಿನ್ ಆಫ್ ಮಾಡೋ ಸ್ವಿಚ್) ವೈರ್ ಇರಬೇಕು. ಹ್ಯಾಂಡಲ್ ನೇರ ಮಾಡಿದ ಕೂಡಲೇ ಟ್ಯಾಂಕ್ ಒಳಗೆ ಪೆಟ್ರೋಲ್ ಪಂಪ್ ‘ಜುಯ್’ ಅನ್ನುತ್ತಾ? ಅಂದ್ರೆ ಖಾತ್ರಿ. ಪೈಪ್‌ಗೆ ತೂತು ಹೊಡೆದವರು ಅಂಚನ್ನ ಅರದಿಂದ ಉಜ್ಜದೆ, ತೂತಿನ ಬಾಯಿಗೆ ರಬ್ಬರ್ ಗ್ರಾಮೆಟ್ (ಬಳೆ) ಹಾಕದೆ ಬಿಟ್ರೆ ವೈರ್ ಸಿಪ್ಪೆ ಸುಲಿಯುತ್ತೆ. ಕೆಫೆ ರೇಸರ್ ಶೋಕಿ ತಂದ ಅರವತ್ತರ ದಶಕದ ಲಂಡನ್ ಹುಡುಗರ ಗಾಡೀಲಿ ಇದ್ದಿದ್ದೇ ನಾಲ್ಕು ವೈರ್. ನಮ್ಮದರಲ್ಲಿ ಇಂಜೆಕ್ಷನ್, ಎಬಿಎಸ್ ಎಲ್ಲ ಇದೆ. ವೈರ್ ಹೊರಗೆ ಕಂಡ್ರೆ ಏನೀಗ?

ಜೆಸಿ_ರೋಡ್_ಗಿರಾಕಿ:
ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಮುಂದಿನ ಬ್ರೇಕ್ ಹೋಸ್ ಕೂಡ ಎಳೀತಿದೆಯಾ ನೋಡಿ ಬ್ರೋ. ಇನ್ನೊಂದು, ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಆರ್‌ಸಿ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಆರ್‌ಸಿಯಲ್ಲಿ ಸೀಟಿಂಗ್ 2 ಅಂತಿರುತ್ತೆ, ನೀವು ಒಂದೇ ಉಳಿಸಿದೀರಿ. ಹಳೇ ಸೀಟು ಮಾರಿಬಿಟ್ಟಿಲ್ಲ ತಾನೇ?

ಹನುಮಂತನಗರ_650:
ಭಾನುವಾರ ಟ್ಯಾಂಕ್ ಎತ್ತಿದೆ. ಕೇಬಲ್‌ನ ಝಿಪ್ ಟೈ ಹಾಕಿ ಫ್ರೇಮ್‌ಗೆ ಬಿಗಿದಿದ್ರು. ಕತ್ತರಿಸಿ ಬೇರೆ ದಾರೀಲಿ ಎಳೆದೆ, ಈಗ ಎತ್ತ ತಿರುಗಿಸಿದ್ರೂ ಐಡ್ಲಿಂಗ್ ಅಲ್ಲಾಡಲ್ಲ. ಪಂಪ್ ನೀವಂದ ಹಾಗೇ ‘ಜುಯ್’ ಅಂತಿತ್ತು ಸರ್. ಬಲಗಡೆ ಕ್ಲಿಪ್-ಆನ್ ತೂತಿನ ಬಾಯಲ್ಲಿ ಒಂದು ವೈರಿನ ತಾಮ್ರ ಹೊಳೀತಿತ್ತು, ಎರಡೇ ಎರಡು ಎಳೆ ಉಳಿದಿತ್ತು. ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಹೊರಗಿನಿಂದಲೇ ತಂದೆ. ಬ್ರೇಕ್ ಹೋಸ್ ಸರಿಯಿದೆ. ಹಳೇ ಸೀಟು ಅಟ್ಟದಿಂದ ಇಳಿಸಿದೀನಿ. ಇಷ್ಟೆಲ್ಲದರಲ್ಲಿ ನಮ್ಮ ಮನೆಯವಳಿಗೆ ಅದೊಂದೇ ಖುಷಿ.