ಮೈ ಹಳದಿ ಆಗ್ತಿತ್ತಂತೆ, ನಿಜಾನಾ?

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಶೆಲ್ (ಫಿರಂಗಿ ಗುಂಡು) ಫ್ಯಾಕ್ಟರಿಗಳಲ್ಲಿ ದುಡೀತಿದ್ದ ಹೆಂಗಸರ ಮೈ ಹಳದಿ ಆಗ್ತಿತ್ತು ಅಂತಾರಲ್ಲ, ನಿಜಾನಾ ಇಲ್ಲ ಕಟ್ಟುಕಥೆನಾ?

ಉತ್ತರ 1: ನಿಜಾನೇ. ಟಿಎನ್‌ಟಿ ಅನ್ನೋ ಸ್ಫೋಟಕದ ಜೊತೆನೇ ದಿನವಿಡೀ ಕೆಲಸ, ಚರ್ಮ ಹಳದಿ, ಮುಂದಲೆ ಕೂದಲು ಕೆಂಚು, ಅದಕ್ಕೇ ಜನ ಕೆನರಿ ಹುಡುಗೀರು ಅಂತಿದ್ರು, ಆ ಹಳದಿ ಹಕ್ಕಿ ಇದ್ಯಲ್ಲ ಅದರ ಹೆಸರು. ಬಣ್ಣ ಹೋಗ್ಲಿ ಬಿಡಿ, ಕೆಲವರು ಲಿವರ್ ಕೆಟ್ಟು ಕಾಮಾಲೆ ಬಂದು ಸತ್ತೇ ಹೋದ್ರು.

ಉತ್ತರ 2: ಒಳಗೆ ಬಿಡೋಕೆ ಮುಂಚೆ ಹೇರ್‌ಪಿನ್ನೂ ತೆಗೆಸ್ತಿದ್ರು, ಒಂದು ಕಿಡಿ ಹಾರಿದ್ರೆ ಮುಗೀತು. 1916ರ ಡಿಸೆಂಬರ್‌ನಲ್ಲಿ ಲೀಡ್ಸ್ ಹತ್ರ ಬಾರ್ನ್‌ಬೋ ಶೆಲ್ ಫ್ಯಾಕ್ಟರಿಯಲ್ಲಿ ಸ್ಫೋಟ ಆಗಿ 35 ಹೆಂಗಸರು ಹೋದ್ರು.

ಪ್ರಶ್ನೆ ಕೇಳಿದವರು: ಅಯ್ಯೋ. ಸಂಬಳನಾದ್ರೂ ಸರಿಯಾಗಿತ್ತಾ?

ಉತ್ತರ 1: ಎಲ್ಲಿಂದ, ಗಂಡಸರಿಗಿಂತ ಕಮ್ಮಿನೇ. 1918ರಲ್ಲಿ ಹೆಂಗಸರಿಗೆ ವೋಟಿನ ಹಕ್ಕೇನೋ ಕೊಟ್ರು, ಅದೂ 30 ತುಂಬಿದೋರಿಗೆ ಮಾತ್ರ, ಶೆಲ್ ತುಂಬಿದೋರಲ್ಲಿ ಎಷ್ಟೋ ಜನ ಇನ್ನೂ ಚಿಕ್ಕ ಹುಡುಗೀರು.